ತಲೆ ಎತ್ತಿದ್ರಲ್ಲ ಮಾರಾಯ್ರೆ!

ಚೆಂಡು ಬಲಕ್ಕೆ ಹೋದರೂ ತಲೆ ಎತ್ತಿದ್ದು. ಎಡಕ್ಕೆ ಹೋದರೂ ತಲೆ ಎತ್ತಿದ್ದು. ಚೆಂಡು ಇದ್ದಲ್ಲೇ ಇದ್ದು, ಕ್ಲಬ್ಬು, ಅಂದರೆ ಗಾಲ್ಫ್ ಕೋಲು, ಮ್ಯಾಟಿಗೆ ಬಡಿದು ಮೊಣಕೈ ಝುಂ ಅಂದರೂ ತಲೆ ಎತ್ತಿದ್ದೇ. ಮುಂಬಯಿ ಚೆಂಬೂರಿನ ನಮ್ಮ ಬಿಲ್ಡಿಂಗಿನ ಮ್ಯಾನೇಜರ್ ಸಾಹೇಬ್ರಿಗೆ ಗಾಲ್ಫಿನಲ್ಲಿ ಗೊತ್ತಿರುವ ಕಾಯಿಲೆ ಇದೊಂದೇ. ಉಡುಪಿ ಕಡೆಯವರು, ಬ್ಯಾಂಕಿನಿಂದ ರಿಟೈರ್ ಆದವರು. ಸಾಲದ ಅರ್ಜಿಗಳಲ್ಲಿ ಕೊಕ್ಕೆ ಹುಡುಕಿ ಹುಡುಕಿ ಕೈ ಪಳಗಿದೆ, ಈಗ ಅರ್ಜಿಗಳಿಲ್ಲ, ನಾನಿದ್ದೇನೆ.

ಭಾನುವಾರ ಬೆಳಿಗ್ಗೆ ವಾಶಿ ಸೇತುವೆ ದಾಟಿ, ಹೊಡೆತ ಅಭ್ಯಾಸ ಮಾಡುವ ರೇಂಜಿಗೆ ಹೋಗುವುದು ಅವರ ಕಾರಿನಲ್ಲೇ. ಅಲ್ಲೇ ಇರುವುದು ತೊಂದರೆ. ಹಾರ್ಬರ್ ಲೈನಿನ ಲೋಕಲ್ ರೈಲಿನಲ್ಲಿ ಗಾಲ್ಫ್ ಬ್ಯಾಗ್ ಹೊತ್ತು ನಿಂತವರಿಗೆ ಗೊತ್ತು, ಸಲಹೆ ಕೇಳಿಕೊಂಡಾದರೂ ಕಾರಿನಲ್ಲಿ ಹೋಗುವುದೇ ಮೇಲು.

ನನ್ನದು ಸ್ಲೈಸ್. ಚೆಂಡು ಜೋರಾಗಿ ಹೊರಡುತ್ತದೆ. ಅರ್ಧದಾರಿಯಲ್ಲಿ, ಪನ್ವೇಲಿಗೆ ಟಿಕೆಟ್ ತೆಗೆದು ಮಾನ್‌ಖುರ್ದಿನಲ್ಲೇ ಇಳಿದವರ ಹಾಗೆ, ಬಲಕ್ಕೆ ತಿರುಗಿಬಿಡುತ್ತದೆ. ಕಾರಣ ಗುಟ್ಟೇನಲ್ಲ. ಕ್ಲಬ್ಬು ಹೊರಗಿನಿಂದ ಒಳಕ್ಕೆ, ಅಂದರೆ ಚೆಂಡಿನ ಆಚೆ ಬದಿಯಿಂದ ನನ್ನ ಕಡೆಗೆ, ಅಡ್ಡ ಬರುತ್ತದೆ, ಆ ದಾರಿಗೆ ಹೋಲಿಸಿದರೆ ಅದರ ಮುಖ ಬಲಕ್ಕೆ ತೆರೆದಿರುತ್ತದೆ. ಚೆಂಡಿಗೆ ಓರೆ ಸುತ್ತು ಬೀಳುತ್ತದೆ. ಕ್ಲಬ್ಬು ಚೆಂಡಿಗೆ ತಾಗಿರುವುದು ಒಂದು ಸೆಕೆಂಡಿನ ಸುಮಾರು 2,000 ಪಾಲಿನಲ್ಲಿ ಒಂದು ಪಾಲು ಹೊತ್ತು, ಅಷ್ಟೇ. ಆಮೇಲೆ ನಾನು ತಲೆ ಎತ್ತಲಿ, ಟೋಪಿ ಎತ್ತಲಿ, ಚೆಂಡಿಗೇನು?

ಇದನ್ನು ಸಾಹೇಬ್ರಿಗೆ ಹೇಳಿದೆ. "ಅದೆಲ್ಲ ಪುಸ್ತಕದ್ದು ಮಾರಾಯ್ರೆ. ಚೆಂಡು ಬಲಕ್ಕೆ ಹೋಗ್ತದಲ್ಲ, ನೀವು ಎಡಕ್ಕೆ ಗುರಿ ಇಡಿ. ತಲೆ ಎತ್ತಬೇಡಿ." ಎಡಕ್ಕೆ ತಿರುಗಿ ನಿಂತಷ್ಟೂ ಕ್ಲಬ್ಬು ಇನ್ನೂ ಅಡ್ಡ ಬರುತ್ತದೆ, ಚೆಂಡು ಇನ್ನೂ ಜಾಸ್ತಿ ತಿರುಗುತ್ತದೆ. ಹಾಗೇ ಆಯಿತು. ಅದಕ್ಕೂ ಕಾರಣ ನನ್ನ ತಲೆಯೇ.

ಸಾಕ್ಷಿಗೆ ಸ್ಲೋ ಮೋಷನ್ ವಿಡಿಯೋ ಬೇರೆ. ಕನ್ನಡಕ ಹಣೆಗೇರಿಸಿ, ಫೋನನ್ನು ಮೂಗಿನ ಹತ್ತಿರ ಹಿಡಿದು ಹಿಂದೆ ಮುಂದೆ ಎಳೆಯುತ್ತಾರೆ. ತಟ್ಟನೆ ನಿಲ್ಲಿಸುತ್ತಾರೆ. "ಇಲ್ಲಿ! ಇಲ್ಲಿ ನೋಡಿ!" ನೋಡಿದರೆ ಚೆಂಡು ಆಗಲೇ ಚಿತ್ರದಿಂದ ಹೊರಗೆ ಹೋಗಿದೆ. ಹೋದಮೇಲೂ ಬಗ್ಗಿಕೊಂಡೇ ಇರಬೇಕಂತೆ. ಏನನ್ನು ನೋಡುತ್ತಾ? ಚೆಂಡು ಇಡುವ ರಬ್ಬರ್ ಟೀಯನ್ನಾ?

ಮೊನ್ನೆಯದನ್ನಂತೂ ಮರೆಯಲು ಆಗುತ್ತಿಲ್ಲ. ಚೆಂಡಿನ ಆಚೆ ಬದಿಗೆ ಸ್ವಲ್ಪ ದೂರದಲ್ಲಿ ಕ್ಲಬ್ಬಿನ ಕವರ್ ಇಟ್ಟು ಹೊಡೆಯುವ ಅಭ್ಯಾಸವೊಂದಿದೆ. ಕ್ಲಬ್ಬು ಹೊರಗಿನಿಂದ ಬಂದರೆ ಕವರಿಗೆ ಬಡಿಯುತ್ತದೆ, ರೋಗ ಗೊತ್ತಾಗುತ್ತದೆ. ಒಳ್ಳೆಯ ಉಪಾಯವೇ. ಆದರೆ ಸಾಹೇಬ್ರು ಕವರ್ ಮನೆಯಲ್ಲೇ ಬಿಟ್ಟು ಬಂದಿದ್ದರು. ಅದರ ಬದಲು ತಮ್ಮ ಸ್ಟೀಲ್ ಬಾಟಲಿ ಇಟ್ಟರು. ಒಳಗೆ ಅವರ ಹೆಂಡತಿ ಕಾಯಿಸಿ ಕೊಟ್ಟ ಜೀರಿಗೆ ನೀರು. "ಬೇಡ ಸಾರ್" ಅಂದೆ. "ಹೊಡೀರಿ, ನಾನಿದ್ದೇನೆ" ಅಂದರು.

ಠಣ್!

ಚೆಂಡು ಬಲಕ್ಕೆ, ಬಾಟಲಿ ಎಡಕ್ಕೆ. ಮುಚ್ಚಳ ಎಲ್ಲಿಗೆ ಹೋಯಿತೋ ಇನ್ನೂ ಸಿಕ್ಕಿಲ್ಲ. ಸಾಲಿನಲ್ಲಿದ್ದವರೆಲ್ಲ ಕ್ಲಬ್ಬು ಕೆಳಗಿಟ್ಟು ನೋಡಿದರು. ನನ್ನ ಬೂಟಿನೊಳಗೆ ಜೀರಿಗೆ. ಬಾಟಲಿಯೇ ಬಾಯಿಬಿಟ್ಟು ರೋಗ ಹೇಳಿದೆ, ಇನ್ನಾದರೂ ಒಪ್ಪುತ್ತಾರೆ ಅಂದುಕೊಂಡೆ. ಸಾಹೇಬ್ರು ನಿಧಾನಕ್ಕೆ ಹೋಗಿ ಬಾಟಲಿ ಎತ್ತಿದರು. ತಗ್ಗು ಬಿದ್ದ ಜಾಗವನ್ನು ಹೆಬ್ಬೆರಳಿನಿಂದ ಸವರಿದರು. ನನ್ನ ಕಡೆ ತಿರುಗಿ, ಬೇಸರದಿಂದ, "ತಲೆ ಎತ್ತಿದ್ರಲ್ಲ ಮಾರಾಯ್ರೆ!" ಅಂದರು. ಮನೆಯಲ್ಲಿ ಹೆಂಡತಿ ಕೇಳಿದಾಗಲೂ ಬಾಟಲಿ ಹೇಗೆ ತಗ್ಗಾಯಿತು ಅಂತ ಹೇಳಲಿಲ್ಲವಂತೆ. "ಇವರು ತಲೆ ಎತ್ತಿದರು" ಅಂದರಂತೆ, ಅಷ್ಟೇ.

ಚೆಂಡಿನ ಬುಟ್ಟಿ ತಂದುಕೊಡುವ ಹುಡುಗ ಎಲ್ಲವನ್ನೂ ನೋಡುತ್ತಿದ್ದ. ಮೊದಲು ಆಟಗಾರರ ಬ್ಯಾಗ್ ಹೊರುವ ಕ್ಯಾಡಿಯಾಗಿದ್ದನಂತೆ. ಸಾಹೇಬ್ರು ಮುಚ್ಚಳ ಹುಡುಕಲು ಹೋದಾಗ ಹತ್ತಿರ ಬಂದು, "ಸಾಬ್, ಹಾಥ್ ಥೋಡಾ ಘುಮಾವೋ" ಅಂದ. ಎಡಗೈಯನ್ನು ಹಿಡಿಯ ಮೇಲೆ ಒಂಚೂರು ಬಲಕ್ಕೆ ತಿರುಗಿಸಿದ. ಮೇಲಿಂದ ನೋಡಿದರೆ ಎರಡು ಮೂರು ಗೆಣ್ಣು ಕಾಣಬೇಕು, ಅಷ್ಟೇ ಅಂತೆ. ಹೊಡೆದೆ. ಚೆಂಡು ನೆಟ್ಟಗೆ ಹೋಯಿತು.

"ನೀನೂ ಆಡ್ತೀಯಾ?" ಅಂತ ಕೇಳಿದೆ. ರೇಂಜ್ ಮುಚ್ಚಿದ ಮೇಲೆ, ಯಾರೂ ಇಲ್ಲದಾಗ, ಯಾರಾದರೂ ಬಿಟ್ಟುಹೋದ ಹಳೇ ಕ್ಲಬ್ಬಿನಲ್ಲಿ ಅಂದ. 1991ರಲ್ಲಿ ಇಂಡಿಯನ್ ಓಪನ್ ಗಾಲ್ಫ್ ಪಂದ್ಯ ಗೆದ್ದ ಅಲಿ ಶೇರ್ ಕೂಡ ದಿಲ್ಲಿಯಲ್ಲಿ ಕ್ಯಾಡಿಯಾಗಿದ್ದವರೇ. ಅದನ್ನು ಹೇಳೋಣ ಅಂದುಕೊಂಡೆ. ಅಷ್ಟರಲ್ಲಿ ಯಾರೋ ಬುಟ್ಟಿಗೆ ಕೂಗಿದರು, ಅವನು ಓಡಿದ.

ಮುಂದಿನ ಹೊಡೆತವನ್ನು ಸಾಹೇಬ್ರು ವಿಡಿಯೋ ಮಾಡಿದರು. ಅದೂ ನೆಟ್ಟಗೆ. "ಈಗ ನೋಡಿ, ತಲೆ ಎತ್ತಲಿಲ್ಲ!" ಅಂತ ಬೆನ್ನು ತಟ್ಟಿದರು. ಸುಮ್ನೆ ಇದ್ದೆ, ವಾಪಸ್ ಬರುವುದೂ ಅವರ ಕಾರಿನಲ್ಲೇ ಅಲ್ವಾ. ಮಾನ್‌ಖುರ್ದ್ ದಾಟುವಷ್ಟರಲ್ಲಿ ವಿಡಿಯೋ ಬಿಲ್ಡಿಂಗಿನ ವಾಟ್ಸಾಪ್ ಗ್ರೂಪಿಗೆ ಹೋಗಿತ್ತು, ಕೆಳಗೆ "ನನ್ನ ಶಿಷ್ಯ" ಅಂತ. ಮೊದಲ ಉತ್ತರ ಮೂರನೇ ಮಹಡಿಯವರದು. ಅವರು ಕೇರಂ ಬಿಟ್ಟು ಬೇರೇನೂ ಆಡಿದವರಲ್ಲ.

"ಮೊಣಕೈ ಬಾಗಿದೆಯಲ್ಲ?"