ಹಕ್ಕಲಿಗೆ ಬಂದವರನ್ನು ನೋಡಿ ನಗಬಾರದು

ನಮ್ಮ ಕೋಲಾರ, ಚಿಂತಾಮಣಿ ಸೀಮೆಯಲ್ಲಿ ಕಡಲೆಕಾಯಿ ಕಿತ್ತು, ಬಿಡಿಸಿ, ಮೂಟೆ ಕಟ್ಟಿ ಮನೆಗೆ ಸಾಗಿಸಿದ ಮರುದಿನ ಅದೇ ಹೊಲಕ್ಕೆ ಬೇರೆಯವರು ಬರುತ್ತಿದ್ದರು. ಹೊಲವಿಲ್ಲದ ಮನೆಗಳ ಹೆಂಗಸರು, ಮಕ್ಕಳು ಚಿಕ್ಕ ಗುದ್ದಲಿ, ಮಂಕರಿ ಹಿಡಿದು ಬಂದು, ಮಣ್ಣಿನಲ್ಲಿ ಉಳಿದುಹೋದ ಕಾಯಿಗಳನ್ನು ಕೆದಕಿ ಆಯ್ದುಕೊಳ್ಳುತ್ತಿದ್ದರು. ಇದಕ್ಕೆ ಹಕ್ಕಲು ಆಯುವುದು ಎನ್ನುತ್ತಾರೆ. ಎಂಟೊಂಬತ್ತು ವರ್ಷದ ಹುಡುಗನಾಗಿದ್ದ ನಾನು ಒಮ್ಮೆ ಅವರನ್ನು ಕೂಗಿ ಓಡಿಸಲು ಹೋದಾಗ ಅಜ್ಜಿ ನನ್ನ ರಟ್ಟೆ ಹಿಡಿದು, "ಹಕ್ಕಲಿಗೆ ಬಂದೋರನ್ನ ಅಟ್ಟಬಾರ್ದು ಕಣಪ್ಪ, ಅದು ಅವರ ಪಾಲು" ಎಂದಿದ್ದರು. ಅಜ್ಜಿಗೆ ಓದು ಬರುತ್ತಿರಲಿಲ್ಲ. ಆದರೆ ಚರ್ಚಿನಲ್ಲಿ ಕೂತು ಕೇಳಿದ ಬೈಬಲಿನ ಯಾಜಕಕಾಂಡದ 19ನೆಯ ಅಧ್ಯಾಯ ಅವರಿಗೆ ಚೆನ್ನಾಗಿ ಗೊತ್ತಿತ್ತು. ಪೈರು ಕೊಯ್ಯುವಾಗ ಅಂಚಿನ ತನಕ ಕೊಯ್ಯಬಾರದು, ಹಕ್ಕಲಾಯಬಾರದು, ಅದನ್ನು ಬಡವರಿಗೂ ಪರದೇಶದವರಿಗೂ ಬಿಡಬೇಕು ಎಂಬುದು ಅಲ್ಲಿನ ಆಜ್ಞೆ. ಕನ್ನಡ ಬೈಬಲಿನಲ್ಲಿ ನಮ್ಮ ಹೊಲದ ಈ ಮಾತೇ ಇರುವುದರಿಂದ, ಅಜ್ಜಿಗೆ ದೇವರ ಆಜ್ಞೆಯೂ ಊರಿನ ರೂಢಿಯೂ ಬೇರೆಬೇರೆಯಾಗಿ ಕಂಡಿರಲಾರವು.

ಆ ಆಜ್ಞೆಯಲ್ಲಿ "ಕೊಡು" ಎಂದಿಲ್ಲ, "ಬಿಡು" ಎಂದಿದೆ ಎಂಬುದನ್ನು ನಾನು ಬಹಳ ತಡವಾಗಿ ಗಮನಿಸಿದೆ. ಕೊಡುವವನ ಮುಂದೆ ಪಡೆಯುವವನು ಕೈಯೊಡ್ಡಬೇಕು, ಕೃತಜ್ಞತೆ ತೋರಿಸಬೇಕು, ಸಾಧ್ಯವಾದರೆ ತಾನು ಯೋಗ್ಯನೆಂದು ರುಜುವಾತು ಮಾಡಬೇಕು. ಬಿಟ್ಟ ಹೊಲಕ್ಕೆ ಬಡವನು ತಾನಾಗಿ ಬರುತ್ತಾನೆ, ದುಡಿದು ಆಯ್ದುಕೊಂಡು ಹೋಗುತ್ತಾನೆ. ಬೈಬಲಿನ ಕಥೆಯಲ್ಲಿ ಬೋವಜನೆಂಬುವನ ಹೊಲದಲ್ಲಿ ಹಕ್ಕಲಾಯ್ದ ರೂತಳು ಬಡವಿಯೂ ಹೌದು, ಮೋವಾಬಿನಿಂದ ಬಂದ ಪರದೇಶದವಳೂ ಹೌದು.

ಈಗ ಪರದೇಶದವನು ನಾನು. ಹನ್ನೊಂದು ವರ್ಷಗಳಿಂದ ಡಬ್ಲಿನ್ನಿನಲ್ಲಿದ್ದೇನೆ. ಐರ್ಲೆಂಡಿನಲ್ಲಿ ಪ್ರತಿ ಮಗುವಿನ ಹೆಸರಿನಲ್ಲಿ ತಿಂಗಳಿಗೆ 140 ಯೂರೋ ಮಕ್ಕಳ ಭತ್ಯೆ ಬರುತ್ತದೆ. ತಂದೆ ತಾಯಿಯ ಸಂಬಳ ಎಷ್ಟೆಂದು ಅದಕ್ಕಾಗಿ ಯಾರೂ ಕೇಳುವುದಿಲ್ಲ, ಇಲ್ಲಿ ನೆಲೆಸಿರುವ ವಲಸಿಗರಿಗೂ ಅದು ಸಲ್ಲುತ್ತದೆ. ನನ್ನ ಇಬ್ಬರು ಮಕ್ಕಳಿಗೂ ಬರುತ್ತದೆ, ನನ್ನ ಪರಿಚಯದ ಕನ್ನಡಿಗ ಎಂಜಿನಿಯರುಗಳ ಮಕ್ಕಳಿಗೂ ಬರುತ್ತದೆ. ಅದನ್ನು ಪಡೆದದ್ದಕ್ಕೆ ನಮ್ಮನ್ನು ಸೋಮಾರಿಗಳೆಂದು ಕರೆದವರನ್ನು ನಾನು ಈವರೆಗೆ ಕಂಡಿಲ್ಲ. ಆದರೆ ಇದೇ ನಾವು, 2023ರ ಜೂನ್ 11ರಂದು ಕರ್ನಾಟಕದಲ್ಲಿ ಹೆಂಗಸರಿಗೆ ಬಸ್ ಪ್ರಯಾಣ ಉಚಿತವಾದಾಗ, ಆಗಸ್ಟಿನಲ್ಲಿ ಗೃಹಲಕ್ಷ್ಮಿಯ 2,000 ರೂಪಾಯಿ ಶುರುವಾದಾಗ, ವಾಟ್ಸ್ಆ್ಯಪ್ ಗುಂಪುಗಳಲ್ಲಿ "ಬಿಟ್ಟಿ ಭಾಗ್ಯ"ದ ಚಿತ್ರಗಳನ್ನು ಹಂಚಿಕೊಂಡೆವು. ಬಸ್ಸಿನ ಕಿಟಕಿಯಿಂದ ಸೀಟಿಗೆ ಟವೆಲ್ ಎಸೆಯುವ ಹೆಂಗಸು, ಅಕ್ಕಿ ಮಾರಿ ಕುಡಿಯುವ ಗಂಡಸು. ನೋವಾದದ್ದೇನೆಂದರೆ, ನನ್ನ ಊರಿನ ಕ್ರೈಸ್ತ ಬಂಧುಗಳ ಗುಂಪಿನಲ್ಲೂ, ಬೆಳಗಿನ ಬೈಬಲ್ ವಚನದ ಕೆಳಗೇ, ಅವು ಬಂದವು.

ಅದಕ್ಕೆ ರಾಜಕೀಯ ವಿಡಂಬನೆ ಎಂಬ ಹೆಸರು ಸಲ್ಲದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಯೋಜನೆಯ ಹಣ ಎಲ್ಲಿಂದ ಬರುತ್ತದೆ, ಕಂತು ಏಕೆ ತಡವಾಗುತ್ತದೆ, ಚುನಾವಣೆಯ ಹೊತ್ತಿಗೇ ಏಕೆ ನೆನಪಾಗುತ್ತದೆ ಎಂದು ಮಂತ್ರಿಯನ್ನು ಕುಟುಕುವುದು ವಿಡಂಬನೆ. ಅದನ್ನು ಯಾರು ಮಾಡಿದರೂ ನಾನು ಮೆಚ್ಚುತ್ತೇನೆ. ಪಡೆದವಳನ್ನು ಅಣಕಿಸುವುದು ಹಕ್ಕಲಿಗೆ ಬಂದವಳಿಗೆ ಕಲ್ಲೆಸೆದಂತೆ. ಕ್ರೈಸ್ತರಾದ ನಮಗೆ ಈ ವ್ಯತ್ಯಾಸವನ್ನು ಹೊರಗಿನವರು ಕಲಿಸಬೇಕಾಗಿಲ್ಲ, ನಮ್ಮ ಗ್ರಂಥದಲ್ಲೇ ಅದು ಉದ್ದಕ್ಕೂ ಇದೆ. ತೆಕೋವದ ಕುರುಬ, ಪ್ರವಾದಿ ಆಮೋಸನು ಸಮಾರ್ಯದ ಸಿರಿವಂತ ಹೆಂಗಸರನ್ನು ಬಾಷಾನಿನ ಕೊಬ್ಬಿದ ಹಸುಗಳೆಂದು ಕರೆದ, ಒಂದು ಜೊತೆ ಕೆರಕ್ಕೆ ಬಡವನನ್ನು ಕೊಳ್ಳುವವರೆಂದು ವ್ಯಾಪಾರಿಗಳನ್ನು ಹಂಗಿಸಿದ. ಬಡವನ ಒಂದೇ ಒಂದು ಕುರಿಮರಿಯನ್ನು ಕಿತ್ತುಕೊಂಡ ಶ್ರೀಮಂತನ ಕಥೆ ಹೇಳಿ, ಕೇಳಿ ಕೆರಳಿದ ದಾವೀದ ಅರಸನಿಗೆ "ಆ ಮನುಷ್ಯನು ನೀನೇ" ಎಂದು ಪ್ರವಾದಿ ನಾತಾನನು ಹೇಳಿದ. ಸೊಳ್ಳೆಯನ್ನು ಸೋಸಿ ಒಂಟೆಯನ್ನು ನುಂಗುವವರೆಂದು ಯೇಸು ಜರೆದದ್ದು ಧರ್ಮದ ಮುಂದಾಳುಗಳಾಗಿದ್ದ ಶಾಸ್ತ್ರಿಗಳನ್ನು, ಫರಿಸಾಯರನ್ನು. ಯೇಸು ಹೇಳಿದ ಕಥೆಯಲ್ಲಿ ಐಶ್ವರ್ಯವಂತನ ಬಾಗಿಲಲ್ಲಿ ಹುಣ್ಣು ತುಂಬಿ ಬಿದ್ದಿದ್ದ ಬಡವ ಲಾಜರನನ್ನು ನೋಡಿ ನಕ್ಕ ಒಂದು ಸಾಲೂ ಅಲ್ಲಿಲ್ಲ.

ಈ ಪರಂಪರೆಯ ಒಬ್ಬ ವಾರಸುದಾರ ನಾನಿರುವ ಊರಿನಲ್ಲೇ ಹೂಳಲ್ಪಟ್ಟಿದ್ದಾನೆ. ಲೇಖಕ ಜೊನಾಥನ್ ಸ್ವಿಫ್ಟ್ 1713ರಿಂದ 1745ರಲ್ಲಿ ಸಾಯುವವರೆಗೆ ಡಬ್ಲಿನ್ನಿನ ಸಂತ ಪ್ಯಾಟ್ರಿಕ್ ಕೆಥೆಡ್ರಲಿನ ಡೀನ್ ಆಗಿದ್ದವರು, ಅಂದರೆ ಅಲ್ಲಿನ ಪಾದ್ರಿಗಳಿಗೆ ಹಿರಿಯರು. ಸತತವಾಗಿ ಬೆಳೆ ಕೈಕೊಟ್ಟು ಬೀದಿಗಳು ಭಿಕ್ಷುಕರಿಂದ ತುಂಬಿದ್ದ 1729ರಲ್ಲಿ ಅವರು ಹೆಸರು ಹಾಕದೆ ಒಂದು ಪುಟ್ಟ ಕರಪತ್ರ ಪ್ರಕಟಿಸಿದರು. ಬಡವರ ಮಕ್ಕಳನ್ನು ಒಂದು ವರ್ಷ ತುಂಬಿದೊಡನೆ ಶ್ರೀಮಂತರ ಊಟದ ಮೇಜಿಗೆ ಮಾರಿಬಿಟ್ಟರೆ ದೇಶದ ಕಷ್ಟ ಪರಿಹಾರವಾಗುತ್ತದೆ ಎಂದು, ಲೆಕ್ಕಾಚಾರ ಸಮೇತ, ತಣ್ಣನೆಯ ದನಿಯಲ್ಲಿ ವಾದಿಸುವ ಬರಹ ಅದು. ಓದುವವನ ಹೊಟ್ಟೆ ತೊಳಸುತ್ತದೆ. ಜಮೀನ್ದಾರರು ತಂದೆ ತಾಯಿಯರನ್ನು ಈಗಾಗಲೇ ತಿಂದುಮುಗಿಸಿದ್ದಾರೆ ಎಂಬ ಮಾತು ಬಂದಾಗ, ಲೇಖಕನ ಕೋಪ ಯಾರ ಮೇಲೆಂದು ತಿಳಿಯುತ್ತದೆ. ಊರಲ್ಲಿಲ್ಲದೆ ಗೇಣಿ ಮಾತ್ರ ಎಣಿಸಿಕೊಳ್ಳುವ ಒಡೆಯರ ಮೇಲೆ ತೆರಿಗೆ ಹಾಕುವುದು, ದೇಶದಲ್ಲೇ ತಯಾರಾದ ಬಟ್ಟೆ ಉಡುವುದು, ಗೇಣಿದಾರರಿಗೆ ಕೊಂಚವಾದರೂ ಕರುಣೆ ತೋರುವುದು ಮುಂತಾದ ನಿಜವಾದ ಪರಿಹಾರಗಳನ್ನು, ಅವು ಬೇಡವೆನ್ನುವ ನೆಪದಲ್ಲಿ, ಕೊನೆಗೆ ಹೇಳಿದ್ದಾರೆ. ಅದಕ್ಕೂ ಐದು ವರ್ಷ ಮೊದಲು ಕಳಪೆ ತಾಮ್ರದ ನಾಣ್ಯದ ವಿರುದ್ಧ ಅವರು ಬೇರೆ ಹೆಸರಿನಲ್ಲಿ ಬರೆದಾಗ, ಬರೆದವನನ್ನು ಹಿಡಿದುಕೊಟ್ಟವರಿಗೆ ಸರ್ಕಾರ 300 ಪೌಂಡ್ ಬಹುಮಾನ ಸಾರಿತು. ಒಬ್ಬರೂ ಹಿಡಿದುಕೊಡಲಿಲ್ಲ. ಅವರು ಬಿಟ್ಟುಹೋದ ಹಣದಿಂದ ಮಾನಸಿಕ ರೋಗಿಗಳಿಗಾಗಿ ಕಟ್ಟಿದ ಆಸ್ಪತ್ರೆ 1757ರಲ್ಲಿ ತೆರೆಯಿತು, ಇಂದಿಗೂ ನಡೆಯುತ್ತಿದೆ. ವಿಡಂಬನೆ ಮಾಡಿದ ಕೈಯೇ ಆಸ್ಪತ್ರೆಗೆ ಆಸ್ತಿ ಬರೆದಿಟ್ಟಿತು ಎಂಬ ಕಾರಣಕ್ಕೆ ಆ ಸಮಾಧಿಯ ಮುಂದೆ ನಿಂತಾಗಲೆಲ್ಲ ನನಗೆ ಗೌರವ ಮೂಡುತ್ತದೆ.

ಹಾಗೆಂದು ಇಲ್ಲಿಯದೆಲ್ಲ ಮೇಲು ಎನ್ನಲಾರೆ. ಬಡ ಹುಡುಗಿಯರನ್ನು, ಮದುವೆಯಾಗದೆ ಬಸುರಾದವರನ್ನು ಸಂನ್ಯಾಸಿನಿಯರ ಮಠಗಳ ಬಟ್ಟೆ ಒಗೆಯುವ ಮನೆಗಳಲ್ಲಿ ಕೂಡಿಹಾಕಿ, ಕೂಲಿಯಿಲ್ಲದೆ ದುಡಿಸಿದ್ದು ಇದೇ ಕ್ರೈಸ್ತ ಸಮಾಜ. ಅಂಥ ಕೊನೆಯ ಮನೆ ಮುಚ್ಚಿದ್ದು 1996ರಲ್ಲಿ, ದೇಶದ ಪ್ರಧಾನಿ ಸಂಸತ್ತಿನಲ್ಲಿ ಕ್ಷಮೆ ಕೇಳಿದ್ದು 2013ರ ಫೆಬ್ರುವರಿಯಲ್ಲಿ. ಚರ್ಚನ್ನು ಪ್ರಶ್ನಿಸುವುದೇ ಪಾಪವೆಂದು ನಂಬಿದ್ದ ದಶಕಗಳಲ್ಲಿ ಅದು ನಡೆಯಿತು. ದೇವದೂಷಣೆಯನ್ನು ಅಪರಾಧವೆಂದ ಮಾತನ್ನು ಇಲ್ಲಿನ ಜನ 2018ರ ಅಕ್ಟೋಬರಿನಲ್ಲಿ ಮತ ಹಾಕಿ ಸಂವಿಧಾನದಿಂದ ತೆಗೆದರು. ಈಗ ಪಾದ್ರಿಗಳನ್ನು ಎಲ್ಲರೂ ಟೀಕಿಸುತ್ತಾರೆ. ಅದೇ ವರ್ಷ ಪೋಪ್ ಫ್ರಾನ್ಸಿಸ್ ಡಬ್ಲಿನ್ನಿಗೆ ಬಂದಾಗ ಭೇಟಿ ಕೊಟ್ಟ, ಕಪುಚಿನ್ ಸಂನ್ಯಾಸಿಗಳ ಊಟದ ಮನೆಯಲ್ಲಿ, 1969ರಿಂದ ನಡೆದುಬಂದ ಹಾಗೆ, ಹಸಿದು ಬಂದವರ ಪೂರ್ವಾಪರ ಕೇಳದೆ ಬಡಿಸುತ್ತಲೂ ಇದ್ದಾರೆ. ತುಮಕೂರಿನ ಸಿದ್ಧಗಂಗಾ ಮಠದ ದಾಸೋಹವನ್ನು ಕಂಡವರಿಗೆ ಇದು ಹೊಸದೆನಿಸದು. ಬಡಿಸುವವನೇ ದಾಸನೆಂಬ ಅರ್ಥ ಆ ಪದದಲ್ಲೇ ಇದೆ.

ನಮ್ಮ ಕಡೆಯ ಕ್ರೈಸ್ತರು ಸೇವೆಯಲ್ಲಿ ಹಿಂದೆ ಬಿದ್ದವರಲ್ಲ. ಕೋಲಾರದ ಮಿಷನ್ ಆಸ್ಪತ್ರೆಯಲ್ಲಿ ಹುಟ್ಟಿದವರು ಎಲ್ಲ ಜಾತಿಗಳ ಮನೆಯಲ್ಲೂ ಸಿಗುತ್ತಾರೆ. ಆದರೆ ಆಳುವವರಿಗಾಗಿ ಪ್ರತಿ ಭಾನುವಾರ ಪ್ರಾರ್ಥಿಸುವ ನಾವು ಆಳುವವರನ್ನು ಪ್ರಶ್ನಿಸುವುದಿಲ್ಲ. ಸಂಖ್ಯೆಯಲ್ಲಿ ಕಡಿಮೆ ಇರುವವರ ಅಂಜಿಕೆ ನನಗೆ ಅರ್ಥವಾಗುತ್ತದೆ. ಅರ್ಥವಾಗದಿರುವುದು, ಮೇಲಕ್ಕೆ ಎತ್ತಲಾಗದ ದನಿಯನ್ನು ಕೆಳಗಿನವರ ಮೇಲೆ ಎತ್ತುವುದು. ಬಂಧುಗಳ ಆ ವಾಟ್ಸ್ಆ್ಯಪ್ ಗುಂಪಿನಲ್ಲಿ ನಾನು ಆಕ್ಷೇಪಿಸಿದಾಗ, ಕೆಲಸ ಮಾಡಲೊಲ್ಲದವನು ಊಟ ಮಾಡಬಾರದು ಎಂಬ, ಬೈಬಲಿನಲ್ಲಿರುವ ಅಪೊಸ್ತಲ ಪೌಲನ ಮಾತನ್ನು ಹಿರಿಯರೊಬ್ಬರು ನೆನಪಿಸಿದರು. ಪೌಲನು ಥೆಸಲೋನಿಕದವರಿಗೆ ಬರೆದದ್ದು, ದುಡಿಯದೆ ಇತರರ ವಿಷಯದಲ್ಲಿ ತಲೆಹಾಕುತ್ತ ತಿರುಗುತ್ತಿದ್ದವರ ಬಗ್ಗೆ. "ಒಲ್ಲದವನು" ಎಂದಿದ್ದಾನೆ, "ಕೆಲಸ ಸಿಗದವನು" ಎಂದಿಲ್ಲ. 2001ರ ಫೆಬ್ರುವರಿ 28ರಂದು ಕೆಜಿಎಫ್ ಗಣಿ ಮುಚ್ಚಿದ ಮೇಲೆ, ಗಣಿ ಕಾರ್ಮಿಕರ ಮಕ್ಕಳು ನಸುಕಿನಲ್ಲಿ ಮಾರಿಕುಪ್ಪಂ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗಿ, ರಾತ್ರಿ ಮನೆ ಸೇರುತ್ತಾರೆ. ಅವರಲ್ಲಿ ಎಷ್ಟೋ ಜನ ನಮ್ಮ ಪಕ್ಕದಲ್ಲೇ ಮೊಣಕಾಲೂರಿ ಪ್ರಾರ್ಥಿಸುವವರು. ಅವರ ಮನೆಯ ಅನ್ನಭಾಗ್ಯದ ಅಕ್ಕಿಯನ್ನು ಸೋಮಾರಿತನದ ಗುರುತೆಂದು ನೋಡುವ ಕಣ್ಣನ್ನು ನಮಗೆ ಕೊಟ್ಟದ್ದು ಪೌಲನಲ್ಲ.

ಮೇಲಕ್ಕೆ ಗುರಿಯಿಡುವ ವಿಡಂಬನೆ ನಮ್ಮ ಸೀಮೆಗೆ ಹೊರಗಿನದೂ ಅಲ್ಲ. ಕಾಲೇಜಿನ ದಿನಗಳಲ್ಲಿ ಚಿಂತಾಮಣಿಯ ಬಸ್ ನಿಲ್ದಾಣದ ಎದುರು ತಮಟೆ ಬಡಿದು ಜನ ಸೇರಿಸಿ ಆಡಿದ ಒಂದು ಬೀದಿನಾಟಕ ನೋಡಿದ್ದೆ. ಒಬ್ಬ ಶಾಸಕ ಪ್ರತಿ ಚುನಾವಣೆಗೂ ಬಂದು, ಅದೇ ಬತ್ತಿದ ಕೊಳವೆ ಬಾವಿಗೆ ಹೊಸದಾಗಿ ಪೂಜೆ ಮಾಡಿ ತೆಂಗಿನಕಾಯಿ ಒಡೆಯುತ್ತಾನೆ; ಖಾಲಿ ಬಿಂದಿಗೆ ಹಿಡಿದ ಹೆಂಗಸರು ಆ ಕಾಯಿಯ ನೀರಿಗೆ ಬಿಂದಿಗೆ ಒಡ್ಡುತ್ತಾರೆ. ಶಾಶ್ವತ ನೀರಾವರಿಗಾಗಿ ಕಾದು ಕಾದು ಸೋತಿದ್ದ ಜನ ಅಂದು ನಕ್ಕ ನಗೆ ಶಾಸಕನ ಮೇಲಿತ್ತು, ಬಿಂದಿಗೆಯವರ ಮೇಲಿರಲಿಲ್ಲ.

ಈ ವರ್ಷ ಡಬ್ಲಿನ್ನಿನಲ್ಲಿ ನಾವು ಕೆಲವು ಕುಟುಂಬಗಳು ಸೇರಿ ಮಾಡುವ ರಾಜ್ಯೋತ್ಸವಕ್ಕೆ ಒಂದು ಪ್ರಹಸನ ಸಿದ್ಧವಾಗಿತ್ತು. ಅದರಲ್ಲಿ ಉಚಿತ ಬಸ್ಸಿನಲ್ಲಿ ಸೀಟಿಗಾಗಿ ಜಡೆ ಹಿಡಿದು ಜಗಳವಾಡುವ ಇಬ್ಬರು ಹೆಂಗಸರಿದ್ದರು. ಮಕ್ಕಳ ಭತ್ಯೆ ಪಡೆಯುವ ನಾವು ಇದನ್ನು ಆಡಬಾರದೆಂದು ನಾನು ಹೇಳಿದಾಗ ಒಂದು ಸಂಜೆ ಪೂರ್ತಿ ಚರ್ಚೆಯಾಯಿತು, ಇಬ್ಬರು ಬೇಸರದಿಂದ ಎದ್ದುಹೋದರು. ಕೊನೆಗೆ ತಿದ್ದಿ ಬರೆಯುವ ಕೆಲಸವನ್ನು ನನಗೇ ವಹಿಸಿದರು. ಬಸ್ಸಿನ ದೃಶ್ಯವನ್ನು ತೆಗೆದು, ಆ ಜಾಗದಲ್ಲಿ ಕೊಳವೆ ಬಾವಿಯನ್ನೂ ತೆಂಗಿನಕಾಯಿ ಹಿಡಿದ ಶಾಸಕನನ್ನೂ ನಿಲ್ಲಿಸಿದ್ದೇನೆ.