ಗಂಡಿನ ಕಡೆಯವರು ಊರಿಗೆ ಹೋಗಿ ಕಾಗದ ಬರೀತಾರಂತೆ

ನಯಾಗರಾ ಜಲಪಾತ ನೋಡೋಕೆ ಹೋಗುವ ನಮ್ಮವರು ಎಷ್ಟೋ ಜನ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಬಫಲೋ ವಿಮಾನ ನಿಲ್ದಾಣದಲ್ಲಿ ಇಳಿಯುತ್ತಾರೆ. ಬಾಡಿಗೆ ಕಾರು ಹಿಡಿದು ನೇರ ಜಲಪಾತದ ಮುಂದೆ ನಿಲ್ಲುತ್ತಾರೆ, ಫೋಟೋ ತೆಗೆಸಿಕೊಳ್ಳುತ್ತಾರೆ, ಡಬ್ಬಿಯಲ್ಲಿ ತಂದ ಚಪಾತಿ ಪಲ್ಯ ಮುಗಿಸಿ ವಾಪಸ್. ಬಫಲೋ ಊರಿನ ಕಡೆ ತಿರುಗಿಯೂ ನೋಡುವುದಿಲ್ಲ. ತಪ್ಪು ಮಾಡ್ತಿದ್ದೀರಿ ಸ್ವಾಮಿ. ನೀರು ಮೇಲಿಂದ ಕೆಳಗೆ ಬೀಳುವುದರಲ್ಲಿ ಏನು ಮಹಾ ವಿಶೇಷ? ನಮ್ಮ ಜೋಗದಲ್ಲೂ ಬೀಳುತ್ತದೆ. ಸರ್ಕಾರದ ದುಡ್ಡು ಅದೇ ರಭಸದಲ್ಲಿ ಬೀಳುವುದನ್ನು ನೋಡಬೇಕೆಂದರೆ ಊರೊಳಗೇ ಹೋಗಬೇಕು.

ಹಳೇ ಕಥೆ ಸ್ವಲ್ಪ ಹೇಳಿಬಿಡುತ್ತೇನೆ. 1825ರಲ್ಲಿ ಈರಿ ಕಾಲುವೆ ಮುಗಿದಾಗ ಅದರ ಪಶ್ಚಿಮದ ತುದಿ ಇದ್ದದ್ದು ಬಫಲೋದಲ್ಲಿ. ಧಾನ್ಯ ಬಂತು, ಹಡಗು ಬಂತು, ಆಮೇಲೆ ಉಕ್ಕು ಬಂತು, ದುಡ್ಡು ಬಂತು. 1950ರಲ್ಲಿ ಊರಿನ ಜನಸಂಖ್ಯೆ 5.8 ಲಕ್ಷ. 2020ರಲ್ಲಿ 2.78 ಲಕ್ಷ. ಕಾರ್ಖಾನೆ ಮುಚ್ಚಿದವು, ಜನ ಹೊರಟರು, ಅರ್ಧಕ್ಕರ್ಧ ಊರು ಖಾಲಿ. ಇಂಥ ಹೊತ್ತಿನಲ್ಲಿ ಒಬ್ಬ ಬಡಪಾಯಿ ಏನು ಮಾಡ್ತಾನೆ? ಸೋರುವ ಮಾಡು ರಿಪೇರಿ ಮಾಡಿಸ್ತಾನೆ, ಇರುವ ಮಕ್ಕಳಿಗೆ ಫೀಸು ಕಟ್ತಾನೆ. ಊರಿನ ದೊಡ್ಡವರು ಹಾಗೆಲ್ಲ ಸಣ್ಣದಾಗಿ ಯೋಚಿಸುವುದಿಲ್ಲ. ಎಲ್ಲಿಂದಲೋ ಒಬ್ಬ ಸಿರಿವಂತ ಅಳಿಯ ಬರುತ್ತಾನೆ, ಬಂದರೆ ಎಲ್ಲ ಸರಿಹೋಗುತ್ತದೆ ಅಂತ ಕಾಯುತ್ತಾರೆ.

ಅಳಿಯನ ಹೆಸರು ಬಾಸ್ ಪ್ರೊ. ಮಿಸೌರಿಯ ಸ್ಪ್ರಿಂಗ್‌ಫೀಲ್ಡಿನ ಕಂಪನಿ. ಏನು ಮಾಡುತ್ತಾರೆ ಅಂದ್ರಾ? ಅಂಗಡಿ ಇಟ್ಟಿದ್ದಾರೆ. ಮೀನು ಹಿಡಿಯೋ ಗಾಳ, ಬೇಟೆ ಬಂದೂಕು, ದೋಣಿ, ಟೆಂಟು ಮಾರುತ್ತಾರೆ. ಅಂಗಡಿ ಮಾತ್ರ ಭರ್ಜರಿ: ಒಳಗೆ ಹುಲ್ಲು ತುಂಬಿದ ಕರಡಿ ನಿಂತಿರುತ್ತದೆ, ದೊಡ್ಡ ತೊಟ್ಟಿಯಲ್ಲಿ ಮೀನು ಓಡಾಡುತ್ತಿರುತ್ತದೆ. ಆ ಮೀನು ನೋಡೋಕೆ ಜನ ಎಲ್ಲೆಲ್ಲಿಂದಲೋ ಬಂದು, ಬಂದವರು ಹೋಟೆಲಿನಲ್ಲಿ ಉಳಿದು, ಉಳಿದವರು ಊರು ಉದ್ಧಾರ ಮಾಡಿಬಿಡುತ್ತಾರೆ ಅನ್ನುವುದು ಲೆಕ್ಕ. ಊರು ಕೂತಿರುವುದೇ ಈರಿ ಸರೋವರದ ದಂಡೆಯಲ್ಲಿ. ಕಿಟಕಿ ತೆಗೆದರೆ ಮೀನು. ಅದು ಪುಕ್ಕಟೆ, ಹಾಗಾಗಿ ಲೆಕ್ಕಕ್ಕಿಲ್ಲ.

2004ರಲ್ಲಿ ಗವರ್ನರ್ ಜಾರ್ಜ್ ಪಟಾಕಿ ಅವರ ಕಾಲದಲ್ಲಿ (ಹೆಸರೇ ಹಾಗೆ, ನಾನಿಟ್ಟದ್ದಲ್ಲ) ಅಬ್ಬರದ ಘೋಷಣೆ ಆಯಿತು. ಅಲ್ಲಿ ಗವರ್ನರ್ ಅಂದರೆ ನಮ್ಮ ಮುಖ್ಯಮಂತ್ರಿ ಇದ್ದ ಹಾಗೆ, ದುಡ್ಡಿನ ಚೀಲ ಅವರ ಕೈಯಲ್ಲೇ ಇರುತ್ತದೆ. ಊರ ನಡುವೆ ಮೆಮೋರಿಯಲ್ ಆಡಿಟೋರಿಯಂ ಅಂತ ಒಂದು ಹಳೇ ಕಟ್ಟಡ ಇತ್ತು. 1940ರದ್ದು. ಐಸ್ ಹಾಕಿ ತಂಡದವರು 1996ರಲ್ಲಿ ಹೊಸ ಜಾಗಕ್ಕೆ ಹೋದಮೇಲೆ ಖಾಲಿ ಬಿದ್ದಿತ್ತು. ಅದರೊಳಗೇ ಬಾಸ್ ಪ್ರೊ ಅಂಗಡಿ ಬರುತ್ತದೆ ಅಂದರು. ಊರಿಗೆ ಊರೇ ಸಡಗರ.

ಇನ್ನು ಮುಂದಿನದನ್ನು ನಮ್ಮವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹೆಣ್ಣು ನೋಡೋಕೆ ಬಂದವರ ಕಥೆಯೇ. ಬಂದರು, ಕೂತರು, ಕೇಸರಿಬಾತ್ ತಿಂದರು, ಉಪ್ಪಿಟ್ಟು ಇನ್ನೊಂದು ಸಲ ಹಾಕಿಸಿಕೊಂಡರು, ಮನೆಯ ಅಳತೆ ನೋಡಿದರು, "ಊರಿಗೆ ಹೋಗಿ ಕಾಗದ ಬರೀತೀವಿ" ಅಂದು ಎದ್ದರು. ಕಾಗದ ಬರಲಿಲ್ಲ. ಹುಡುಗಿ ಮನೆಯವರು ಏನು ಮಾಡಬೇಕು? ವರದಕ್ಷಿಣೆ ಜಾಸ್ತಿ ಮಾಡಿದರು. ಅಂಗಡಿ ಕಟ್ಟಿಕೊಡುತ್ತೇವೆ, ಕಾರು ನಿಲ್ಲಿಸೋ ಜಾಗ ಮಾಡಿಕೊಡುತ್ತೇವೆ, ಎಲ್ಲ ಸೇರಿ ಸುಮಾರು 3.5 ಕೋಟಿ ಡಾಲರ್ ಸರ್ಕಾರದ ದುಡ್ಡು. ಆ ಕಡೆಯಿಂದ ಒಂದೇ ಮಾತು: ಯೋಚನೆ ಮಾಡ್ತಾ ಇದ್ದೀವಿ.

ಯೋಚನೆ ಮಾಡ್ತಾ ಮಾಡ್ತಾ ಹುಡುಗನಿಗೆ ಮನೆ ಇಷ್ಟವಾಗಲಿಲ್ಲ. 2007ರಲ್ಲಿ ಹಳೇ ಕಟ್ಟಡ ಬೇಡ, ಕಾಲುವೆ ದಂಡೆಯಲ್ಲಿ ಹೊಸದು ಬೇಕು ಅಂತ ಬಂತು. ಅದು ಕಾಲುವೆಯ ಚರಿತ್ರೆ ಇರುವ ಜಾಗ. ಅಲ್ಲಿ ಗಾಳದ ಅಂಗಡಿಯಾ ಅಂತ ಪರಂಪರೆ ಉಳಿಸುವವರು ಗಲಾಟೆ ಮಾಡಿದರು. ಸರಿ, ಹಾಗಾದರೆ ಮತ್ತೆ ಆಡಿಟೋರಿಯಂ ಜಾಗಕ್ಕೇ ಹೋಗೋಣ, ಆದರೆ ಕಟ್ಟಡ ಒಡೆದು ಕಟ್ಟೋಣ. 2009ರಲ್ಲಿ ಆಡಿಟೋರಿಯಂ ನೆಲಸಮ ಆಯಿತು. ಕೊನೆಯ ಕರಾರಿಗೆ ಆಗಲೂ ಸಹಿ ಬಿದ್ದಿರಲಿಲ್ಲ. ಹುಡುಗ ಒಪ್ಪುವ ಮೊದಲೇ ಮನೆ ಕೆಡವಿ ಚಪ್ಪರಕ್ಕೆ ಜಾಗ ಮಾಡಿದ ಮಾವಂದಿರು ಇವರೊಬ್ಬರೇ ಇರಬೇಕು.

ಅಷ್ಟರಲ್ಲಿ ಮೂವರು ಗವರ್ನರ್‌ಗಳ ಕಾಲ ಆಯಿತು. ಪಟಾಕಿ ಹೋದರು, ಎಲಿಯಟ್ ಸ್ಪಿಟ್ಜರ್ ಬಂದು ಬೇರೆ ಕಾರಣಕ್ಕೆ ಮನೆಗೆ ಹೋದರು, ಡೇವಿಡ್ ಪ್ಯಾಟರ್ಸನ್ ಬಂದರು. ಮೇಯರ್ ಬದಲಾದರು. 2010ರ ಜುಲೈನಲ್ಲಿ ಸಂಸದ ಬ್ರಯಾನ್ ಹಿಗ್ಗಿನ್ಸ್ ಅವರ ತಾಳ್ಮೆ ಕೆಟ್ಟಿತು. ಬರ್ತೀರೋ ಇಲ್ವೋ, 14 ದಿನದಲ್ಲಿ ಹೇಳಿ ಅಂದರು. ವರ್ಷಗಟ್ಟಲೆ ಬರದಿದ್ದ ಉತ್ತರ ಆಗ ನೋಡಿ ಎಷ್ಟು ಬೇಗ ಬಂತು. ಜುಲೈ 30ಕ್ಕೆ ಕಂಪನಿಯವರು "ಬರಲ್ಲ" ಅಂದುಬಿಟ್ಟರು. ಇದನ್ನೇ ಮೊದಲ ವರ್ಷ ಕೇಳಿದ್ದರೆ ಆಗ್ತಿರಲಿಲ್ವಾ ಅಂತ ನಿಮಗೆ ಅನಿಸಬಹುದು. ಕೇಳಿದ್ದರೆ ಇಷ್ಟು ಸಭೆ, ಇಷ್ಟು ನಕ್ಷೆ, ಇಷ್ಟು ಪತ್ರಿಕಾಗೋಷ್ಠಿ ಎಲ್ಲಿ ನಡೀತಿತ್ತು?

ಆಮೇಲೆ ಆದದ್ದು ಇನ್ನೂ ಚೆನ್ನಾಗಿದೆ. 2011ರ ಬೇಸಿಗೆಯಲ್ಲಿ, ಬೇರೆ ಏನೂ ಇಲ್ಲವಲ್ಲ ಅಂತ, ಅದೇ ದಂಡೆಯಲ್ಲಿ ಒಂದಷ್ಟು ಮರದ ಕುರ್ಚಿ ಹಾಕಿದರು. ಕೆಂಪು, ಹಳದಿ, ನೀಲಿ, ಬಣ್ಣ ಬಣ್ಣದ್ದು, ಬೆನ್ನು ಹಿಂದಕ್ಕೆ ವಾಲಿರುವ, ಅಗಲ ಕೈಯ ಕುರ್ಚಿಗಳು. ಅಂಗಡಿ ಇಲ್ಲ, ಕರಡಿ ಇಲ್ಲ, ಟಿಕೆಟ್ ಇಲ್ಲ. ಜನ ಬಂದರು. ಕಾಫಿ ಲೋಟ ಕೈಯಲ್ಲಿಟ್ಟುಕೊಂಡು, ಕಾಲು ಚಾಚಿ, ಸುಮ್ನೆ ನೀರು ನೋಡುತ್ತಾ ಕೂತರು. ಮಕ್ಕಳನ್ನು ಕರೆತಂದರು. ಮುಂದಿನ ವಾರ ಮತ್ತೆ ಬಂದರು. ಕೋಟಿಗಟ್ಟಲೆ ಡಾಲರ್ ತೋರಿಸಿ ಕರೆದರೂ ಅಳಿಯ ಬರಲಿಲ್ಲ, ನಾಲ್ಕು ಕುರ್ಚಿ ಹಾಕಿದ್ದಕ್ಕೆ ಮನೆ ಮಂದಿಯೇ ಬಂದು ಕೂತರು. ಅಧಿಕಾರಿಗಳಿಗೆ ಇದು ದೊಡ್ಡ ಮುಜುಗರ. ಕುರ್ಚಿಗೆ ಶಂಕುಸ್ಥಾಪನೆ ಮಾಡೋಕೆ ಬರುವುದಿಲ್ಲ, ಸಲಿಕೆ ಹಿಡಿದು ಫೋಟೋ ತೆಗೆಸಿಕೊಳ್ಳೋಕೆ ಆಗುವುದಿಲ್ಲ.

ಕಾಲುವೆಯ ಕಥೆಯನ್ನೂ ಇಲ್ಲೇ ಹೇಳಿಬಿಡಬೇಕು. 1990ರ ದಶಕದ ಕೊನೆಯಲ್ಲಿ ರಾಜ್ಯದವರು ಹಳೇ ಕಾಲುವೆಯ ನೆನಪಿಗೆ ಅಂತ ಕಾಂಕ್ರೀಟಿನಲ್ಲಿ ಒಂದು ಹೊಸ ಕಾಲುವೆ ಮಾಡೋಕೆ ಹೊರಟರು. ನೆಲ ಅಗೆದರೆ ಅಸಲಿ ಕಾಲುವೆಯ ಕಲ್ಲಿನ ಗೋಡೆಯೇ ಸಿಕ್ಕಿತು! ಖುಷಿಪಡುತ್ತಾರೆ ಅಂದುಕೊಂಡಿರಾ? ಅಸಲಿಯನ್ನು ಮಣ್ಣು ಮುಚ್ಚಿ, ಪಕ್ಕದಲ್ಲಿ ನಕಲಿ ಕಟ್ಟುವುದೇ ಯೋಜನೆ, ಟೆಂಡರಿನಲ್ಲಿ ಹಾಗೇ ತಾನೇ ಇರೋದು. ಪರಂಪರೆಯವರು ಕೋರ್ಟಿಗೆ ಹೋಗಬೇಕಾಯಿತು. ಕೊನೆಗೆ 2008ರಲ್ಲಿ ಅಸಲಿ ಕಾಲುವೆಗೆ ನೀರು ಬಂತು, ಜನ ನೋಡಿದರು. ಅಲ್ಲಿಗೆ ಮುಗೀತಾ? ಇಲ್ಲ. ಆಡಿಟೋರಿಯಂ ಒಡೆದ ಖಾಲಿ ಜಾಗದಲ್ಲಿ, ಅಸಲಿಗೆ ಕೂಗಳತೆ ದೂರದಲ್ಲಿ, 2014ರ ಹೊತ್ತಿಗೆ ನಕಲಿ ಕಾಲುವೆಯನ್ನೂ ಕಟ್ಟಿಯೇ ಬಿಟ್ಟರು. ಚಳಿಗಾಲದಲ್ಲಿ ಅದನ್ನು ಹೆಪ್ಪುಗಟ್ಟಿಸುತ್ತಾರೆ, ಜನ ಸ್ಕೇಟಿಂಗ್ ಮಾಡುತ್ತಾರೆ. ಚೆನ್ನಾಗಿಯೇ ಇದೆ, ಅದಕ್ಕೆ ನನ್ನ ತಕರಾರಿಲ್ಲ. ಹಠ ಅಂದರೆ ಏನು ಅಂತ ಮಾತ್ರ ಇವರನ್ನು ನೋಡಿ ಕಲೀಬೇಕು.

ಒಬ್ಬ ಅಳಿಯ ಕೈಕೊಟ್ಟ ಅಂತ ಬುದ್ಧಿ ಬಂತಾ? ಎರಡನೆಯವನು ಇನ್ನೂ ದೊಡ್ಡವನು ಬೇಕು ಅಂತ ಹೊರಟರು. ಗವರ್ನರ್ ಆ್ಯಂಡ್ರೂ ಕ್ಯೂಮೊ ಅವರು ಬಫಲೋಗೆ ನೂರು ಕೋಟಿ ಡಾಲರ್ ಅಂತ ಯೋಜನೆ ಮಾಡಿ, ಹಳೇ ಉಕ್ಕಿನ ಕಾರ್ಖಾನೆ ಇದ್ದ ಜಾಗದಲ್ಲಿ ಸೋಲಾರ್‌ಸಿಟಿ ಅನ್ನುವ ಕಂಪನಿಗೆ ಸೋಲಾರ್ ಪ್ಯಾನೆಲ್ ಮಾಡೋ ಕಾರ್ಖಾನೆ ಕಟ್ಟಿಸಿದರು. ಆ ಕಂಪನಿಯನ್ನು 2016ರಲ್ಲಿ ಎಲೆಕ್ಟ್ರಿಕ್ ಕಾರಿನ ಟೆಸ್ಲಾ ಕೊಂಡುಕೊಂಡಿತು. 75 ಕೋಟಿ ಅಂತ ಶುರುವಾದದ್ದು ಕೊನೆಗೆ 95 ಕೋಟಿ ಡಾಲರ್ ದಾಟಿತು. ಕಟ್ಟಡ ಸರ್ಕಾರದ್ದು, ಯಂತ್ರವೂ ಸರ್ಕಾರದ ದುಡ್ಡಿನದು. ಕರಾರಿನಲ್ಲಿ ಬರೆದ ಬಾಡಿಗೆ? ವರ್ಷಕ್ಕೆ ಒಂದು ಡಾಲರ್. ಬೆಂಗಳೂರಿನಲ್ಲಿ ಆ ದುಡ್ಡಿಗೆ ಒಂದು ಮಸಾಲೆ ದೋಸೆ ಸಿಗುವುದು ಕಷ್ಟ. ಇಷ್ಟು ಜನಕ್ಕೆ ಕೆಲಸ ಕೊಡ್ತೀವಿ ಅಂತ ಮಾತು ಕೊಟ್ಟಿದ್ದರಲ್ಲ, ಆ ಲೆಕ್ಕಕ್ಕೆ ಎಷ್ಟೋ ಜನರನ್ನು ಅಲ್ಲಿ ಕಂಪ್ಯೂಟರ್ ಮುಂದೆ ಕೂರಿಸಿದರು. ಕಾರಿನ ಕ್ಯಾಮೆರಾ ತೆಗೆದ ಚಿತ್ರ ನೋಡಿ, ಇದು ಮರ, ಇದು ಮನುಷ್ಯ, ಇದು ಸಿಗ್ನಲ್ ಅಂತ ಗುರುತು ಹಾಕುವ ಕೆಲಸ. ಸೂರ್ಯನಿಗೂ ಅದಕ್ಕೂ ಏನು ಸಂಬಂಧ ಅಂತ ಕೇಳಬೇಡಿ.

ಆಮೇಲೆ ಫುಟ್‌ಬಾಲ್, ಅಂದರೆ ಚೆಂಡು ಕೈಯಲ್ಲಿ ಹಿಡಿದು ಓಡುವ ಅಮೆರಿಕದ ಫುಟ್‌ಬಾಲ್. ಬಫಲೋ ಬಿಲ್ಸ್ ತಂಡದ ಮೇಲೆ ಊರಿನವರಿಗೆ ಇರುವ ಪ್ರೀತಿ ಬೇರೆಯದೇ ಬಿಡಿ, ಖುಷಿ ಜಾಸ್ತಿಯಾದರೆ ಮಡಚುವ ಮೇಜಿನ ಮೇಲೆ ಹಾರಿ ಬಿದ್ದು ಅದನ್ನು ಮುರಿಯುವ ಜನ. ಆ ಪ್ರೀತಿಗೇ ಬೆಲೆ ಕಟ್ಟಿದರು. ಮಾಲೀಕ ಟೆರಿ ಪೆಗುಲಾ ನೈಸರ್ಗಿಕ ಅನಿಲದಲ್ಲಿ ಕೋಟಿಗಟ್ಟಲೆ ಮಾಡಿದವರು. ಹೊಸ ಕ್ರೀಡಾಂಗಣ ಬೇಕು ಅಂದರು. ಕೊಡದಿದ್ದರೆ ತಂಡ ಟೆಕ್ಸಸ್ ಕಡೆ ಹೋಗಬಹುದು ಅಂತ ಗಾಳಿಮಾತು ಹಬ್ಬಿತು. 2022ರಲ್ಲಿ ಗವರ್ನರ್ ಕ್ಯಾಥಿ ಹೋಕಲ್ ರಾಜ್ಯದಿಂದ 60 ಕೋಟಿ ಡಾಲರ್, ಈರಿ ಕೌಂಟಿಯಿಂದ (ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ) 25 ಕೋಟಿ ಕೊಡಿಸಿದರು. ಒಟ್ಟು 85 ಕೋಟಿ. ಕ್ರೀಡಾಂಗಣ ಬಫಲೋದಲ್ಲೂ ಇಲ್ಲ, ಪಕ್ಕದ ಆರ್ಚರ್ಡ್ ಪಾರ್ಕ್ ಅನ್ನುವ ಊರಲ್ಲಿದೆ. ಹಳೆಯದಕ್ಕಿಂತ ಸೀಟು ಕಡಿಮೆ. ಸೀಸನ್ ಟಿಕೆಟ್ ಬೇಕಾದರೆ, ಮೊದಲು ಟಿಕೆಟ್ ಕೊಳ್ಳುವ ಹಕ್ಕನ್ನೇ ಬೇರೆ ದುಡ್ಡು ಕೊಟ್ಟು ಕೊಳ್ಳಬೇಕು. ತೆರಿಗೆ ಕಟ್ಟಿದ್ದು ಕ್ರೀಡಾಂಗಣ ಕಟ್ಟೋಕೆ ಮಾತ್ರ, ಒಳಗೆ ಹೋಗೋಕೆ ಅಲ್ಲ.

ಮತ್ತೆ, ಆ ಕ್ರೀಡಾಂಗಣಕ್ಕೆ ಪೂರ್ತಿ ಚಾವಣಿ ಇಲ್ಲ. ಇದನ್ನು ಎರಡು ಸಲ ಓದಿ. ಬಫಲೋ ಹಿಮಕ್ಕೆ ಹೆಸರಾದ ಊರು. 2022ರ ನವೆಂಬರಿನಲ್ಲಿ ಆರ್ಚರ್ಡ್ ಪಾರ್ಕಿನಲ್ಲಿ ಆರಡಿಗೂ ಮೀರಿ ಹಿಮ ಬಿದ್ದು, ಪಂದ್ಯವನ್ನೇ ಡೆಟ್ರಾಯಿಟ್‌ಗೆ ಸಾಗಿಸಿದ್ದರು. 2024ರ ಜನವರಿಯಲ್ಲಿ ಪ್ಲೇಆಫ್ ಪಂದ್ಯ ಒಂದು ದಿನ ಮುಂದೆ ಹೋಯಿತು. ಗಂಟೆಗೆ 20 ಡಾಲರ್ ಕೊಡ್ತೀವಿ, ಹಿಮ ಎತ್ತಿಹಾಕೋಕೆ ಬನ್ನಿ ಅಂತ ತಂಡದವರು ಅಭಿಮಾನಿಗಳನ್ನೇ ಕರೆದರು. ಹೊಸ ಕ್ರೀಡಾಂಗಣದಲ್ಲಿ ಸೀಟುಗಳ ಮೇಲೆ ಒಂದಷ್ಟು ನೆರಳು ಇದೆ, ಮೈದಾನದ ಮೇಲೆ ಆಕಾಶ. ಗಂಟೆಗೆ 20 ಡಾಲರ್ ಸಂಪಾದಿಸುವ ಅವಕಾಶ ಹಾಗಾದರೂ ಉಳೀತು, ಉದ್ಯೋಗ ಸೃಷ್ಟಿ ಅಂದರೆ ಇದೇ ಅಲ್ವಾ?

ಇಷ್ಟಕ್ಕೆಲ್ಲ ನಗರದ ಕಡೆಯಿಂದ ಎಲೆ ಹಾಕುತ್ತಾ ನಿಂತಿದ್ದವರು ಮೇಯರ್ ಬೈರನ್ ಬ್ರೌನ್. 2006ರಿಂದ ಕುರ್ಚಿಯಲ್ಲಿದ್ದರು. 2021ರಲ್ಲಿ ಅವರ ಪಕ್ಷದ ಒಳಗಿನ ಚುನಾವಣೆಯಲ್ಲೇ ಇಂಡಿಯಾ ವಾಲ್ಟನ್ ಅನ್ನುವ ನರ್ಸ್ ಎದುರು ಸೋತರು. ಮತಪತ್ರದಲ್ಲಿ ಮೇಯರ್ ಹೆಸರೇ ಇಲ್ಲದ ಹಾಗಾಯಿತು. ಅವರು ಬಿಡ್ತಾರಾ? ಅಲ್ಲಿ ಮತಪತ್ರದಲ್ಲಿ ಇಲ್ಲದ ಹೆಸರನ್ನು ಮತದಾರರೇ ಬರೆದು ಮತ ಹಾಕಬಹುದು, ಹಾಗಾಗಿ ನನ್ನ ಹೆಸರನ್ನು ನೀವೇ ಬರೆಯಿರಿ ಅಂತ ಪ್ರಚಾರ ಮಾಡಿದರು. ಬರೆಯೋಕೆ ಕಷ್ಟವಾಗಬಾರದು ಅಂತ ಅವರ ಹೆಸರಿನ ರಬ್ಬರ್ ಸೀಲು ಹಂಚಿದರು. ಮತದಾರರು ಪೋಸ್ಟ್ ಆಫೀಸಿನ ಗುಮಾಸ್ತರ ಹಾಗೆ ಸೀಲು ಒತ್ತಿ ಬಂದರು, ಬ್ರೌನ್ ಗೆದ್ದರು. ಗೆದ್ದ ಅವಧಿಯನ್ನಾದರೂ ಮುಗಿಸಿದರಾ ಅಂದರೆ, ಅದೂ ಇಲ್ಲ. 2024ರ ಅಕ್ಟೋಬರಿನಲ್ಲಿ ರಾಜೀನಾಮೆ ಕೊಟ್ಟು ಹೊಸ ಕೆಲಸಕ್ಕೆ ಹೋದರು.

ಎಲ್ಲಿಗೆ ಗೊತ್ತಾ? ಕುದುರೆ ರೇಸಿನ ಮೇಲೆ ಬಾಜಿ ಕಟ್ಟಿಸಿಕೊಳ್ಳುವ ಸಂಸ್ಥೆಗೆ, ಮುಖ್ಯಸ್ಥರಾಗಿ. ವೆಸ್ಟರ್ನ್ ರೀಜನಲ್ ಆಫ್-ಟ್ರ್ಯಾಕ್ ಬೆಟ್ಟಿಂಗ್ ಅಂತ ಅದರ ಹೆಸರು. ಸುತ್ತಲಿನ ಕೌಂಟಿಗಳು ಮತ್ತು ಬಫಲೋ, ರೋಚೆಸ್ಟರ್ ನಗರಗಳು ಸೇರಿ ನಡೆಸುವ ಸರ್ಕಾರಿ ನಿಗಮವೇ ಅದೂ. ಹಾಗಾಗಿ ಸಾಹೇಬರಿಗೆ ಕೆಲಸ ಏನೂ ಹೊಸದಲ್ಲ. ಒಂದೇ ತೊಂದರೆ, ಅಲ್ಲಿ ಯಾವ ಕುದುರೆ ಗೆದ್ದರೆ ಎಷ್ಟು ಸಿಗುತ್ತದೆ ಅಂತ ಓಟಕ್ಕೆ ಮೊದಲೇ ಬೋರ್ಡಿನ ಮೇಲೆ ಹಾಕಬೇಕು, ಮತ್ತೆ ಓಡಿದ್ದು ಯಾರು, ಓಡದೇ ಇದ್ದದ್ದು ಯಾರು ಅಂತ ಎರಡೇ ನಿಮಿಷದಲ್ಲಿ ಎಲ್ಲರಿಗೂ ಗೊತ್ತಾಗಿಬಿಡುತ್ತದೆ.