ಉದರಗೀತೆ

ಪರಿಚಯದ ಹುಡುಗನೊಬ್ಬ ಮೊನ್ನೆ ತನ್ನ ಪಿಎಚ್‌ಡಿ ಥೀಸಿಸ್‌ನ ಎರಡನೇ ಅಧ್ಯಾಯ ತಂದು, 'ಸ್ವಲ್ಪ ಕಾಗುಣಿತ ನೋಡಿಕೊಡಿ ಸಾರ್' ಅಂದ. ಮೊದಲ ಪುಟದಲ್ಲೇ ಎಡವಿದೆ. 'ಉದರಗೀತೆಗಾಗಿ ಗುಳೆ ಹೋದ ಕೃಷಿಕರಿಗೆ ಮಧ್ಯವರ್ತಿಗಳು ಹಸ್ತ ನೀಡಿದರು.'

ಉದರಗೀತೆ? ಸೋಬಾನೆ ಗೊತ್ತು, ಬೀಸುವ ಪದ ಗೊತ್ತು, ಇದ್ಯಾವುದಪ್ಪಾ? ಆಮೇಲೆ ಹೊಳೆಯಿತು. ಹೊಟ್ಟೆಪಾಡು! ಮೂಲದಲ್ಲಿ ಇದ್ದದ್ದು 'ಹೊಟ್ಟೆಪಾಡಿಗಾಗಿ ವಲಸೆ ಹೋದ ರೈತರಿಗೆ ದಲ್ಲಾಳಿಗಳು ಕೈ ಕೊಟ್ಟರು'. ಕೈ ಹಸ್ತವಾದ ಕೂಡಲೇ ಮೋಸಗಾರರು ಪರೋಪಕಾರಿಗಳಾಗಿಬಿಟ್ಟಿದ್ದಾರೆ.

'ಸಿಮಿಲಾರಿಟಿ 34 ಬಂದಿತ್ತು ಸಾರ್. 10ರ ಒಳಗೆ ಇಳಿಸ್ಬೇಕು' ಅಂದ, ಶುಗರ್ ರಿಪೋರ್ಟ್ ಹಿಡಿದುಕೊಂಡವರ ಹಾಗೆ. ಅಂದರೆ, ನಕಲು ಹಿಡಿಯುವ ಯಂತ್ರ ಬೇರೆ ಬರಹಗಳ ಜೊತೆ ಹೋಲಿಸಿ, ಶೇ 34ರಷ್ಟು ಅವುಗಳಲ್ಲಿ ಇದ್ದದ್ದೇ ಅಂದಿದೆ. ಗೈಡ್ ಕೊಟ್ಟ ಮದ್ದು: 'ಪದ ಬದಲಾಯಿಸು, ಸಾಕು.'

ಕೃತಿಚೌರ್ಯದ ಬಗ್ಗೆ ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) 2018ರ ನಿಯಮ ಗೊತ್ತಲ್ಲ. ಶೇ 10ರವರೆಗೆ ಶಿಕ್ಷೆ ಇಲ್ಲ. 40ರವರೆಗೆ ಬಂದರೆ ಆರು ತಿಂಗಳೊಳಗೆ ತಿದ್ದಿ ಕೊಡಬೇಕು. 60 ದಾಟಿದರೆ ನೋಂದಣಿಯೇ ರದ್ದು. ಬೇರೆಯವರ ವಿಚಾರ ಕದಿಯುವುದೂ ಕಳ್ಳತನ ಅಂತ ಅದೇ ನಿಯಮ ಹೇಳುತ್ತದೆ. ಆದರೆ ವಿಚಾರಕ್ಕೆ ಪರ್ಸೆಂಟ್ ಹಾಕುವುದು ಹೇಗೆ? ಪದ ಆದರೆ ಎಣಿಸಬಹುದು. ಹಾಗಾಗಿ ಎಮ್ಮೆ ಕದ್ದವನು ಅದಕ್ಕೆ 'ಮಹಿಷಿ' ಅಂತ ಹೆಸರಿಟ್ಟರೆ ಆಯಿತು, ಎಮ್ಮೆ ಅವನದೇ.

ನಾವೇನು ಮೊದಲಿಗರಲ್ಲ ಬಿಡಿ. 2021ರಲ್ಲಿ ಫ್ರಾನ್ಸಿನ ಗಿಯೋಮ್ ಕಬನಾಕ್ ಮತ್ತು ಸಂಗಡಿಗರು ವಿಜ್ಞಾನ ಪತ್ರಿಕೆಗಳಿಂದ ಇಂಥವನ್ನೇ ಹೆಕ್ಕಿ, 'ಚಿತ್ರಹಿಂಸೆಗೊಳಗಾದ ನುಡಿಗಟ್ಟುಗಳು' ಅಂತ ಕರೆದರು. ಆ ಪತ್ರಿಕೆಗಳಲ್ಲಿ 'ಆರ್ಟಿಫಿಶಿಯಲ್ ಇಂಟೆಲಿಜೆನ್ಸ್' ಅನ್ನುವುದು 'ಕೌಂಟರ್‌ಫೀಟ್ ಕಾನ್ಶಸ್‌ನೆಸ್' ಆಗಿತ್ತು. ಖೋಟಾ ಪ್ರಜ್ಞೆ!

ಕನ್ನಡದಲ್ಲಿ ಈ ಆಟ ಇನ್ನೂ ಮಜವಾಗಿದೆ. 'ಕಣ್ಣು ಹೊಡೆದ' ಅನ್ನುವುದನ್ನು 'ನಯನಕ್ಕೆ ಥಳಿಸಿದ' ಮಾಡಿ, ಪೋಲೀಸ್ ಕೇಸು. 'ಬಸ್ ಹತ್ತಿದ' ಅನ್ನುವುದು 'ಬಸ್ ದಶಿಸಿದ' ಆಗಬಹುದು. 'ಹೊಟ್ಟೆಕಿಚ್ಚು' ಉದರಾಗ್ನಿ ಆದರಂತೂ ಆಯುರ್ವೇದದ ಕಷಾಯ ಕುಡಿಸಬೇಕು. ಇನ್ನು ಈ ಥೀಸಿಸ್, ದೇಶದ ಥೀಸಿಸ್‌ಗಳನ್ನೆಲ್ಲ ಇಡುವ ಆನ್‌ಲೈನ್ ಭಂಡಾರ ಶೋಧಗಂಗಾಕ್ಕೆ ಏರಿದ ಮೇಲೆ ಮುಂದಿನವನು ಕದಿಯುತ್ತಾನೆ. 'ಉದರಗೀತೆ' ಸಿಕ್ಕಿಬೀಳುತ್ತದೆ. ಅವನು 'ಜಠರಗಾನ' ಅಂತ ಬರೆಯುತ್ತಾನೆ.

ನಗುತ್ತಲೇ ಪುಟ ತಿರುಗಿಸಿದೆ. ನಾಲ್ಕನೇ ಅಧ್ಯಾಯವೂ ಜೊತೆಗೇ ಇತ್ತು. ಇವನೇ ರಾತ್ರಿ ಬಸ್ ನಿಲ್ದಾಣಗಳಲ್ಲಿ ಕೂತು, ಗಂಟುಮೂಟೆ ಹೊತ್ತು ಹೊರಟವರನ್ನು ಮಾತಾಡಿಸಿ ಬರೆದದ್ದು. ಒಬ್ಬ ಹೆಂಗಸು ಮನೆಯ ಬೀಗದ ಕೈಯನ್ನು ಪಕ್ಕದ ಮನೆಗೆ ಕೊಟ್ಟು, ಕೋಳಿಗಳನ್ನೂ ಅವರಿಗೇ ಬಿಟ್ಟು ಬಂದಿದ್ದಳಂತೆ. ಎಷ್ಟು ಚೆನ್ನಾಗಿ ಬರೆದಿದ್ದಾನೆ! 'ಗೈಡ್ ಏನಂದರು?' ಅಂತ ಕೇಳಿದೆ. 'ಅದನ್ನ ಓದಿಲ್ಲ ಸಾರ್. ಅದರಲ್ಲಿ ಸೊನ್ನೆ ಬಂದಿದೆಯಲ್ಲ, ನೋಡೋದು ಬೇಡ ಅಂದ್ರು.'

ಓದಿಲ್ಲ. ನಾಲ್ಕು ವರ್ಷ ಅಲೆದು ಬರೆದದ್ದನ್ನು ಓದಲಾರದವರು ಸಹಿ ಹಾಕುವುದಾದರೂ ಯಾಕೆ? ಅದನ್ನೂ ಯಂತ್ರವೇ ಹಾಕಲಿ.

ಸಿಟ್ಟಿನಲ್ಲೇ ಕೆಂಪು ಪೆನ್ನು ತೆಗೆದು ಎರಡನೇ ಅಧ್ಯಾಯದ 'ಉದರಗೀತೆ'ಯನ್ನು ಹೊಡೆದು 'ಹೊಟ್ಟೆಪಾಡು' ಅಂತ ಬರೆಯಹೋದೆ. ಹುಡುಗ ಗಾಬರಿಯಾಗಿ ಕೈ ಹಿಡಿದುಕೊಂಡ.

'ಬೇಡ ಸಾರ್, ಹಾಗೇ ಇರ್ಲಿ. ಸರಿ ಮಾಡಿದ್ರೆ ಪರ್ಸೆಂಟ್ ಏರತ್ತೆ.'